ಕೆಜಿಎಫ್ ಹಳೆ ಕಟ್ಟಡಗಳು: ಬಂಗಲೆ ಮೊದಲೋ, ಶಾಫ್ಟು ಮೊದಲೋ?

ಗುಡುಪಲ್ಲಿ ರೈಲು:

ಆಂಧ್ರದ ನಮ್ಮ ಕುಪ್ಪಂ ಸೀಮೆಯ ಕನ್ನಡ ಮನೆಗಳಲ್ಲಿ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ, ಎಂದರೆ ಪಕ್ಕದ ರಾಜ್ಯದ ಊರು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಬಿಸಾನತ್ತಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಮಾರಿಕುಪ್ಪಂ ಗಾಡಿಯಲ್ಲಿ ಕೂತರೆ ಆಯಿತು. ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರಾದರೂ ಮೈನ್ಸಿನಲ್ಲಿ ದುಡಿದವರಿದ್ದರು. ಹಾಗಾಗಿ ಈ ಮಾತು ಎತ್ತುವ ಹಕ್ಕು ನಮಗೂ ಇದೆ ಎಂದುಕೊಂಡಿದ್ದೇನೆ.

ಈಚೆಗೆ ಕೆಜಿಎಫ್‌ನ ಪಾರಂಪರಿಕ ಕಟ್ಟಡ ಎಂದು ಯಾರೇ ಹೇಳಲಿ, ಅವೇ ನಾಲ್ಕು ಚಿತ್ರ. ಕ್ಲಬ್ಬು, ಒಂದು ಬಂಗಲೆಯ ವರಾಂಡ, ಒಂದು ಚರ್ಚು, ಹಿಂದೆ ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆ). ಕೆಳಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಸಾಲು. ನೋಡೋಕೆ ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಊರು ಎದ್ದದ್ದು ಕ್ಲಬ್ಬಿನ ಸುತ್ತ ಅಲ್ಲವಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಮೈಸೂರು ಮೈನು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಒಂದೊಂದು ಗಣಿಯೂ ಒಂದೊಂದು ಊರಾಯಿತು. ನಡುವೆ ಶಾಫ್ಟು, ಅಂದರೆ ಗಣಿಗೆ ಇಳಿಯುವ ಬಾವಿ, ಪಕ್ಕದಲ್ಲಿ ಅದಿರು ಅರೆಯುವ ಮಿಲ್ಲು, ಹೊಗೆ ಧೂಳು ತಾಗದ ದಿಕ್ಕಿನಲ್ಲಿ ದೊರೆಗಳ ಬಂಗಲೆ, ತಾಗುವ ದಿಕ್ಕಿನಲ್ಲಿ ಕಾರ್ಮಿಕರ ಲೈನು, ಅಂದರೆ ಸಾಲುಮನೆ.

ಇನ್ನೊಂದು ಸಂಗತಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಬಂದದ್ದು ಬೆಂಗಳೂರಿಗಲ್ಲ, ಕೆಜಿಎಫ್‌ಗೆ. ಸುಮಾರು 147 ಕಿ.ಮೀ. ತಂತಿ ಎಳೆದು ತಂದರು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ. ಆ ಕರೆಂಟು ಬಂದದ್ದು ಕ್ಲಬ್ಬಿನ ಬಲ್ಬಿಗಾಗಿ ಅಲ್ಲ, ಗಣಿಯ ಯಂತ್ರಗಳಿಗಾಗಿ. ಹಾಗಾದರೆ ಆ ಯಂತ್ರಗಳಿದ್ದ ಮನೆಗಳು ಪರಂಪರೆ ಅಲ್ಲವೇ?

ನನ್ನ ಪಟ್ಟಿಯಲ್ಲಿ ಮೊದಲು ಹೆಡ್‌ಗೇರು (ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ), ವೈಂಡಿಂಗ್ ಮನೆ (ಶಾಫ್ಟಿಗೆ ಹಗ್ಗ ಇಳಿಸಿ ಎಳೆಯುವ ಯಂತ್ರದ ಮನೆ), ಗಣಿಯ ಆಸ್ಪತ್ರೆ. ಆಮೇಲೆ ಒಂದು ಸಾಲು ಲೈನ್ ಮನೆ. ಬಂಗಲೆ ಕೊನೆಗೆ. ನಿಮ್ಮದೇನು?


ವೇಪನಪಲ್ಲಿ ಮೇಷ್ಟ್ರು:

ಅಣ್ಣಾ, ನಿಮ್ಮ ಆಸೆ ಸರಿ, ಕ್ರಮ ತಲೆಕೆಳಗು. ಬಂಗಲೆಯ ಒಳಗೆ ಮನುಷ್ಯ ವಾಸ ಮಾಡಬಹುದು. ಶಾಲೆ ಮಾಡಬಹುದು, ಕಚೇರಿ ಮಾಡಬಹುದು, ಬಾಡಿಗೆಗೆ ಕೊಡಬಹುದು. ಬಾಡಿಗೆ ಬಂದರೆ ಸೂರು ರಿಪೇರಿಯಾಗುತ್ತದೆ. ಹೆಡ್‌ಗೇರಿನಲ್ಲಿ ಯಾರು ಇರುತ್ತಾರೆ? ಕಬ್ಬಿಣಕ್ಕೆ ಬಣ್ಣ ಬಳಿಯುತ್ತಲೇ ಇರಬೇಕು, ಒಂದು ಹತ್ತು ವರ್ಷ ಬಿಟ್ಟರೆ ತುಕ್ಕು ತಿನ್ನುತ್ತದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಗಿನಿಂದ ಬಣ್ಣ ಬಳಿದವರು ಯಾರು?

ಉಪಯೋಗವಿಲ್ಲದ ಕಟ್ಟಡ ಉಳಿಯುವುದಿಲ್ಲ. ನಮ್ಮ ಕೃಷ್ಣಗಿರಿ ಜಿಲ್ಲೆಯ ಹಳೇ ಕೋಟೆಗಳನ್ನೇ ನೋಡಿ. ಗುಡಿ ಇರುವ ಕಡೆ ಮೆಟ್ಟಿಲು ಚೊಕ್ಕಟ, ಗುಡಿ ಇಲ್ಲದ ಕಡೆ ಕಳ್ಳಿ ಗಿಡ.


ಕುಂಬಳೆ ಹಂಚು:

ನಾನು ಕಾಸರಗೋಡಿನವ, ಹಂಚಿನ ಮಾಡಿನ, ಅಂದರೆ ಸೂರಿನ, ಕೆಲಸ ಮಾಡಿಸಿ ಅಭ್ಯಾಸ. ಕೆಜಿಎಫ್‌ಗೆ ಒಂದು ಮದುವೆಗೆ ಹೋದಾಗ ಬಂಗಲೆಗಳನ್ನು ಹೊರಗಿನಿಂದ ನೋಡಿದ್ದೇನೆ. ಕಲ್ಲಿನ ಗೋಡೆಗೆ ನೂರು ವರ್ಷ ಆದರೂ ಏನೂ ಆಗಿಲ್ಲ ಮಾರಾಯರೇ. ಹಾಳಾಗುವುದು ಮಾಡಿನಿಂದ. ಕೋಡಿನ ಹಂಚು ಒಂದು ಒಡೆದರೆ ಸಾಕು. ಮಳೆ ನೀರು ಸೀದಾ ಪಕ್ಕಾಸಿನ (ಮಾಡು ಹೊತ್ತ ಓರೆ ಮರದ) ತುದಿಗೆ ಇಳಿಯುತ್ತದೆ. ಪಕ್ಕಾಸು ಸಾಗುವಾನಿಯದ್ದೇ ಇರಲಿ, ಗೋಡೆಯಲ್ಲಿ ಕೂತ ತುದಿ ಒದ್ದೆಯಾಗಿಯೇ ಇದ್ದರೆ ಕೊಳೆತು ಕುಂಬಾಗದೆ ಇರುವುದಿಲ್ಲ. ತುದಿ ಕುಸಿದರೆ ಹಂಚು ಕೂರುವ ರೀಪು ಜಾರುತ್ತದೆ, ರೀಪು ಜಾರಿದರೆ ಸಾಲು ಹಂಚೇ ಕೆಳಗೆ. ಆಮೇಲೆ ಗೋಡೆಯ ತಲೆಗೆ ನೀರು. ಅಲ್ಲಿಗೆ ಮನೆ ಮುಗಿಯಿತು.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಮಳೆಗಾಲಕ್ಕೆ ಮೊದಲು ಇಬ್ಬರು ಹತ್ತಿ ಒಡೆದ ಹಂಚು ಬದಲಾಯಿಸಿ, ಮಾಡಿನ ನೀರು ಹರಿಯುವ ದಂಬೆಯ ಕಸ ತೆಗೆದರೆ ಆಯಿತು. ನಮ್ಮಲ್ಲಿ ಪ್ರತಿ ಮನೆಯಲ್ಲೂ ಮಾಡುವ ಕೆಲಸ. ಸಿಮೆಂಟು ಮಾತ್ರ ಹಾಕಬೇಡಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರದೆ ಗೋಡೆ ಒಳಗಿಂದೊಳಗೇ ಉದುರುತ್ತದೆ.


ಹಳೇ ವೈಂಡಿಂಗ್:

ಮೇಷ್ಟ್ರು ಹೆಡ್‌ಗೇರಿನಲ್ಲಿ ಯಾರು ಇರುತ್ತಾರೆ ಎಂದು ಕೇಳಿದರು. ನಾನಿದ್ದೆ ಸಾರ್, ಅದರ ಎದುರಿಗಿನ ಮನೆಯಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೈಂಡಿಂಗ್ ಮನೆ ಹೊರಗಿನಿಂದ ನೋಡಿದರೆ ದೊಡ್ಡ ಗೋಡೌನು. ಒಳಗೆ ನಡುಮಧ್ಯೆ ಆಳೆತ್ತರಕ್ಕೂ ಮೀರಿದ ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗ ಗೋಡೆಯ ಕಿಂಡಿಯಿಂದ ಓರೆಯಾಗಿ ಹೊರಟು ಹೆಡ್‌ಗೇರಿನ ತುದಿಯ ಗಾಲಿ ಹಾಯ್ದು ನೇರ ಶಾಫ್ಟಿಗೆ ಇಳಿಯುತ್ತದೆ. ಡ್ರೈವರ್ ಕೂತ ಜಾಗದಿಂದ ಜನರನ್ನು ಇಳಿಸುವ ಕೇಜು ಕಾಣುವುದೇ ಇಲ್ಲ. ಕಣ್ಣ ಮುಂದೆ ಆಳ ತೋರಿಸುವ ಡಯಲು, ಕಿವಿಗೆ ಗಂಟೆ, ಕೈಯಲ್ಲಿ ಬ್ರೇಕು. ಡಯಲಿನ ಮೇಲೆ ಗಣಿಯೊಳಗಿನ ಒಂದೊಂದು ಅಂತಸ್ತಿಗೂ, ನಮ್ಮ ಮಾತಲ್ಲಿ ಲೆವೆಲ್ಲಿಗೂ, ಗುರುತು. ಮುಳ್ಳು ಗುರುತಿಗೆ ಹತ್ತಿರವಾದಾಗ ಕೈ ತಾನಾಗಿ ಬಿಗಿಯಾಗುತ್ತದೆ. ಆ ಹಗ್ಗದ ತುದಿಯಲ್ಲಿ ತೂಗುತ್ತಿರುವವರು ನಮ್ಮವರೇ, ಗೊತ್ತಿರುವವರೇ.

ಚಾಂಪಿಯನ್ ರೀಫ್ 3 ಕಿ.ಮೀ. ದಾಟಿ ಇಳಿದಿತ್ತು. ಅಷ್ಟಕ್ಕೂ ಒಂದೇ ಹಗ್ಗ ಇಲ್ಲ. ಒಂದು ಶಾಫ್ಟು ಮುಗಿದ ಕಡೆ ಇಳಿದು, ಒಳಗೇ ನಡೆದು, ಇನ್ನೊಂದು ಶಾಫ್ಟಿನ ಕೇಜು ಹಿಡಿಯಬೇಕು. ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ಕಳಿಸಲೆಂದೇ 1930ರ ದಶಕದಲ್ಲಿ ದೊಡ್ಡ ಸ್ಥಾವರ ಹಾಕಿದರು.

ಈಗ ಆ ಕೆಳಗಿನ ಊರು ನೀರಿನಲ್ಲಿದೆ. ಪಂಪು ನಿಂತ ಮೇಲೆ ನೀರು ಏರಿತು, ಇನ್ನು ಯಾರೂ ಇಳಿಯಲಾರರು. ಕೆಲಸ ನಡೆದದ್ದಕ್ಕೆ ಸಾಕ್ಷಿ ನೆಲದ ಮೇಲೆ ಉಳಿದದ್ದು ಇಷ್ಟೇ: ಡ್ರಮ್ಮು, ಕಿಂಡಿ, ಗಾಲಿ. ಮೂರೂ ಒಂದೇ ಗೆರೆಯಲ್ಲಿ ಇದ್ದರೆ ಮಾತ್ರ ನೋಡಿದವರಿಗೆ ಅರ್ಥವಾಗುತ್ತದೆ. ಹೆಡ್‌ಗೇರು ಉಳಿಸಿ ಮನೆ ಕೆಡವಿದರೆ ಅದು ಬರೀ ಕಬ್ಬಿಣದ ಗೋಪುರ. ಮನೆ ಉಳಿಸಿ ಹೆಡ್‌ಗೇರು ಗುಜರಿಗೆ ಹಾಕಿದರೆ ಗೋಡೆಯ ಆ ಕಿಂಡಿ ಯಾಕೆ ಎಂದು ಮುಂದಿನವರು ತಲೆ ಕೆರೆದುಕೊಳ್ಳುತ್ತಾರೆ.


ಮಡಕಶಿರಾ ಗಾಳಿ:

ಹಳೇ ವೈಂಡಿಂಗ್ ಸಾರ್, ಇದನ್ನು ಓದಿ ಎದೆ ಝಲ್ಲೆಂದಿತು. ಕಾಸ್ಮಿಕ್ ಕಿರಣದ ಪ್ರಯೋಗ ಮಾಡಿದ್ದೂ ನಿಮ್ಮ ಗಣಿಯಲ್ಲೇ ಅಲ್ಲವೇ?


ಹಳೇ ವೈಂಡಿಂಗ್:

ಹೌದು, ಚಾಂಪಿಯನ್ ರೀಫಿನ ಹೀತ್‌ಕೋಟ್ ಶಾಫ್ಟು. ಮುಂಬೈಯ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಅಲ್ಲಿ ಹಿಡಿದರು. ಮೇಲೆ ಅಷ್ಟು ಬಂಡೆ ಇದ್ದದ್ದರಿಂದ ಬೇರೆ ಕಣಗಳೆಲ್ಲ ದಾರಿಯಲ್ಲೇ ನಿಂತುಬಿಡುತ್ತಿದ್ದವು. ಆಮೇಲೆ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ನೋಡುವ ಪ್ರಯೋಗವನ್ನೂ ಕೆಜಿಎಫ್‌ನಲ್ಲೇ ಇಟ್ಟರು. ಭೌತಶಾಸ್ತ್ರ ಓದುವ ಮಕ್ಕಳನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಲು ಒಂದು ಫಲಕವಾದರೂ ಬೇಡವೇ?


ಲೈನ್ ಮನೆ ಮಗಳು:

ಎಲ್ಲರೂ ಚೆನ್ನಾಗಿ ಮಾತಾಡುತ್ತಿದ್ದೀರಿ, ನಡುವೆ ಬಾಯಿ ಹಾಕುತ್ತೇನೆ. ನಾನು ಹುಟ್ಟಿದ್ದು ಚಾಂಪಿಯನ್ ಲೈನಿನಲ್ಲಿ, ಈಗ ವಿ.ಕೋಟದ ಸೊಸೆ. ಗುಡುಪಲ್ಲಿ ಅಣ್ಣ ‘ಒಂದು ಸಾಲು ಲೈನ್ ಮನೆ’ ಎಂದು ಬರೆದುಬಿಟ್ಟರು. ಆ ಸಾಲಿನಲ್ಲಿ ಇವತ್ತಿಗೂ ಜನ ಇದ್ದಾರೆ ಅಣ್ಣಾ. ನಮ್ಮಮ್ಮ ಇದ್ದಾರೆ.

ಲೈನ್ ಮನೆ ಎಂದರೆ ಏನು ಅಂತ ನೋಡದವರಿಗೆ ಹೇಳುತ್ತೇನೆ. ಒಂದೇ ಕೋಣೆ. ಹಳೇ ಕಾಲದವಕ್ಕೆ ಗೋಡೆ ಬಿದಿರು ತಟ್ಟಿಯದು, ಮೇಲೆ ಮಣ್ಣು ಸಗಣಿ ಮೆತ್ತಿದ್ದು. ಮೇಲೆ ಜಿಂಕ್ ಶೀಟು, ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ಕಲ್ಲು. ಒಂದು ಮೂಲೆ ಒಲೆ, ಒಂದು ಮೂಲೆ ನೀರಿನ ಕೊಡ, ಉಳಿದದ್ದು ಮಲಗಲು. ರಾತ್ರಿ ಶಿಫ್ಟು ಮುಗಿಸಿ ಅಪ್ಪ ಬೆಳಿಗ್ಗೆ ಮಲಗಿದರೆ ನಾವು ಬಾಯಿಗೆ ಬಟ್ಟೆ ಕಟ್ಟಿಕೊಂಡಂತೆ ಹೊರಗೆ ಕೂತು ಓದಬೇಕಿತ್ತು. ನಲ್ಲಿ ಸಾಲಿಗೆಲ್ಲ ಸೇರಿ, ಕಕ್ಕಸು ಇನ್ನೂ ದೂರ. ಆಷಾಢದ ಗಾಳಿಗೆ ದಿಬ್ಬದ ಬಿಳಿ ಧೂಳು ಎದ್ದರೆ ಅನ್ನದ ಮೇಲೂ ಬೀಳುತ್ತಿತ್ತು. ಅಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ ಬಡಿಸುತ್ತಿದ್ದರು.

ಅಪ್ಪನಿಗೆ ಕೊನೆಗೆ ಬಂಡೆ ಧೂಳಿನ ಕೆಮ್ಮು. ಸಿಲಿಕೋಸಿಸ್ ಎಂದು ಚೀಟಿಯಲ್ಲಿ ಬರೆದದ್ದನ್ನು ನಾನೇ ಓದಿ ಹೇಳಿದ್ದು.

ಈಗ ಕೇಳಿ. ಗಣಿ ಮುಚ್ಚಿದ ಮೇಲೆ ಲೈನಿನ ಜನ ಸಾಲ ಸೋಲ ಮಾಡಿ ತಟ್ಟಿ ತೆಗೆದು ಇಟ್ಟಿಗೆ ಹಾಕಿದರು, ಬಚ್ಚಲು ಕಟ್ಟಿಕೊಂಡರು, ಮುಂದೊಂದು ಜಗಲಿ ಎಳೆದರು. ಅದನ್ನೆಲ್ಲ ಕಿತ್ತು ‘ಮೂಲ ಸ್ವರೂಪ’ಕ್ಕೆ ತನ್ನಿ ಎಂದರೆ ಏನು ಹೇಳಬೇಕು? ನಾವಿದ್ದ ಬಡತನವನ್ನು ಟಿಕೆಟ್ಟಿಟ್ಟು ತೋರಿಸಬೇಕೇ? ಮನೆ ಅವರ ಹೆಸರಿಗೆ ಮಾಡಿಕೊಡಿ. ಆಮೇಲೆ ಪರಂಪರೆಯ ಮಾತು.


ಗುಡುಪಲ್ಲಿ ರೈಲು:

ಅಕ್ಕ, ಜನ ಇರುವ ಮನೆಯನ್ನು ಮ್ಯೂಸಿಯಂ ಮಾಡಿ ಎಂದು ನಾನು ಹೇಳಿದ್ದಲ್ಲ. ಖಾಲಿ ಬಿದ್ದ ಸಾಲುಗಳೂ ಇವೆ, ಸೂರು ಹೋಗಿ ಗೋಡೆ ಮಾತ್ರ ನಿಂತವು. ಅವುಗಳಲ್ಲಿ ಒಂದನ್ನು ಉಳಿಸದೆ ಹೋದರೆ ಐವತ್ತು ವರ್ಷದ ಮೇಲೆ ಏನು ಉಳಿಯುತ್ತದೆ ಯೋಚಿಸಿ. ದೊರೆಗಳು ಹೇಗೆ ಇದ್ದರು ಎಂದು ತೋರಿಸಲು ಬಂಗಲೆ ಇರುತ್ತದೆ. ನಮ್ಮಜ್ಜ ಹೇಗಿದ್ದ ಎಂದು ತೋರಿಸಲು ಏನೂ ಇರುವುದಿಲ್ಲ. ಆಗ ‘ಪುಟ್ಟ ಇಂಗ್ಲೆಂಡ್’ ಎನ್ನುವ ಮಾತೇ ನಿಜವಾಗಿಬಿಡುತ್ತದೆ.


ಲೈನ್ ಮನೆ ಮಗಳು:

ಖಾಲಿ ಸಾಲು ಅಂದರೆ ನನ್ನ ಅಡ್ಡಿ ಇಲ್ಲ. ಆದರೆ ಅದರೊಳಗೆ ಬೊಂಬೆ ಕೂರಿಸಬೇಡಿ, ದಯವಿಟ್ಟು.


ವೇಪನಪಲ್ಲಿ ಮೇಷ್ಟ್ರು:

ತಂಗಿ ಹೇಳಿದ್ದರಲ್ಲಿ ಕಾನೂನಿನ ವಿಷಯವೂ ಇದೆ, ಅದನ್ನು ಬಿಡಿಸಿಡುತ್ತೇನೆ. ನಮ್ಮವರು ಯಾವುದೇ ಹಳೇ ಕಟ್ಟಡ ಕಂಡರೂ ‘ಕೇಂದ್ರದ ಪುರಾತತ್ವ ಇಲಾಖೆಗೆ ಒಪ್ಪಿಸಿ’ ಎನ್ನುತ್ತಾರೆ. 1958ರ ಕಾಯ್ದೆಯಲ್ಲಿ ನೂರು ವರ್ಷ ಕಳೆದ ಕಟ್ಟಡಕ್ಕೆ ರಾಷ್ಟ್ರೀಯ ಮಹತ್ವದ ಸ್ಮಾರಕ ಎಂಬ ಪಟ್ಟ ಸಿಗಬಹುದು. ಸಿಕ್ಕಿತು ಎನ್ನೋಣ. 2010ರ ತಿದ್ದುಪಡಿಯಂತೆ ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಶಾಫ್ಟುಗಳು ಇರುವುದೇ ಲೈನುಗಳ ನಡುವೆ. ಒಂದು ಹೆಡ್‌ಗೇರಿಗೆ ಪಟ್ಟ ಕಟ್ಟಿದರೆ ಪಕ್ಕದ ಲೈನಿನವರು ಹೊಸದಾಗಿ ಒಂದು ಕೋಣೆ ಎಬ್ಬಿಸುವಂತಿಲ್ಲ, ರಿಪೇರಿಗೂ ಅರ್ಜಿ ಹಿಡಿದು ಅಲೆಯಬೇಕು. ತಂಗಿಯ ಅಮ್ಮನಿಗೆ ಅದು ಬೇಕಾ?

ಅದಕ್ಕಿಂತ ನಗರ ಯೋಜನೆಯ ಒಳಗೇ ಪಾರಂಪರಿಕ ಪಟ್ಟಿ ಮಾಡುವುದು ಲೇಸು. ಮೈಸೂರಿನಲ್ಲಿ ಪಾರಂಪರಿಕ ಸಮಿತಿ ಇದೆ. ಅಲ್ಲೂ ಜಗಳ ತಪ್ಪಿದ್ದಲ್ಲ, ಆದರೆ ಕಟ್ಟಡ ಮುಟ್ಟುವ ಮುನ್ನ ಒಂದು ಮಾತು ಕೇಳುವ ಪದ್ಧತಿಯಾದರೂ ಇದೆ.

ಜಮೀನಿನ ತೊಡಕು ಬೇರೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಗೆ ಹೋದವು. ಗಣಿ ಮುಚ್ಚಿದರೂ ಜಮೀನು ಕೇಂದ್ರ ಗಣಿ ಸಚಿವಾಲಯದ ಅಧೀನದಲ್ಲಿದೆ. ರಾಜ್ಯ ಪಟ್ಟಿ ಮಾಡಬೇಕು, ಮಾಲೀಕರು ಕೇಂದ್ರದವರು, ವಾಸ ಇರುವವರು ಮಾಜಿ ಕಾರ್ಮಿಕರು. ಮೂವರೂ ಒಂದೇ ಮೇಜಿಗೆ ಬಂದು ಕೂರುವ ತನಕ ಹಂಚು ಬದಲಾಯಿಸಲು ಏಣಿ ಹತ್ತುವವನೂ ಕಳ್ಳನೇ.


ಕುಂಬಳೆ ಹಂಚು:

ಆ ಕೊನೇ ಸಾಲು ಸತ್ಯ. ಬಾಗಿಲು, ಕಿಟಕಿ, ತಾಮ್ರದ ತಂತಿ ಹೊತ್ತುಕೊಂಡು ಹೋದವರಿಗೆ ಮಾತ್ರ ಯಾವ ಅರ್ಜಿಯೂ ಬೇಡವಾಗಿತ್ತಲ್ಲ.


ಸೊಲ್ಲಾಪುರ ಚಾದರ:

ನಮಸ್ಕಾರ್ರೀ. ನಮ್ಮ ಸೊಲ್ಲಾಪುರದಾಗೂ ಇದ ಕಥಿ. ಬಂಗಾರ ಇಲ್ಲ, ನೂಲು. ಮಿಲ್ಲಿನ ಭೋಂಗಾ (ಸೈರನ್) ಹೊಡದ್ರ ಇಡೀ ಊರು ಏಳತಿತ್ತು. ಮಿಲ್ಲು ಮುಚ್ಚಿದ್ವು, ಜಾಗಾ ಮಾರಿದ್ರು, ಚಿಮಣಿ ಬಿದ್ದು ಅಪಾರ್ಟಮೆಂಟ್ ಎದ್ದವು. ನಾವು ಆಗ ಒಂದು ತಪ್ಪದಂಗ ನೋಡ್ಕೋಬೇಕಿತ್ತು: ಕಾಗದಾ. ಹಾಜರಿ ಪುಸ್ತಕ, ಪಗಾರ ಪುಸ್ತಕ, ಮಷಿನ್ನಿನ ನಕಾಶೆ. ಎಲ್ಲಾ ರದ್ದಿಗೆ ಹೋತು. ಯಾವ ಸಾಲಿನ್ಯಾಗ ಯಾರು ನಿಂತು ಕೆಲಸಾ ಮಾಡತಿದ್ರು ಅಂತ ಹೇಳಾಕ ಈಗ ಏನೂ ಉಳದಿಲ್ಲ.

ನಿಮ್ಮಲ್ಲಿ ಗಣಿ ನಕಾಶೆ, ಶಿಫ್ಟ್ ರಜಿಸ್ಟರ್ ಇನ್ನೂ ಎಲ್ಲೆರೆ ಅದಾವ ಅಂದ್ರ ಮೊದಲ ಅವುಗಳ ಫೋಟೊ ತಗೀರಿ. ಗೋಡಿ ಇನ್ನ ಹತ್ತು ವರ್ಷ ನಿಂತೀತು. ಗೆದ್ದಲಾ ಅಷ್ಟು ತಡ ಮಾಡೂದಿಲ್ಲ.


ಹಳೇ ವೈಂಡಿಂಗ್:

ಸೊಲ್ಲಾಪುರದವರು ಸರಿಯಾದ ಕಡೆ ಕೈ ಇಟ್ಟರು. ಗಣಿಯ ಒಳಗಿನ ಪ್ಲಾನುಗಳು ಬಟ್ಟೆಯ ಮೇಲೆ ಅಂಟಿಸಿದ ಕಾಗದದಲ್ಲಿ ಇರುತ್ತಿದ್ದವು, ಒಂದೊಂದು ಲೆವೆಲ್ಲಿಗೆ ಒಂದೊಂದು ಬಣ್ಣ. ಒತ್ತಡಕ್ಕೆ ಬಂಡೆ ತಾನಾಗಿ ಸಿಡಿದ ಜಾಗಕ್ಕೆ ಗುರುತು ಹಾಕುತ್ತಿದ್ದರು. ಒಳಗೆ ಹೋಗಲು ಆಗದ ಈ ಕಾಲಕ್ಕೆ ಆ ಪ್ಲಾನೇ ಗಣಿ.


ಮಡಕಶಿರಾ ಗಾಳಿ:

ಕೆಜಿಎಫ್‌ಗಾದರೂ ಕೇಳುವವರಿದ್ದಾರೆ. ನಮ್ಮ ಕಡೆ ರಾಮಗಿರಿ ಇದೆ, ಹಿಂದೆ ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಅಲ್ಲೂ ಬಿಳಿಯರ ಕಂಪನಿ ಚಿನ್ನ ತೆಗೆದು 1927ರ ಹೊತ್ತಿಗೆ ಬಿಟ್ಟು ಹೋಯಿತು. ಆಮೇಲೆ ಭಾರತ್ ಗೋಲ್ಡ್ ಮೈನ್ಸಿನವರೇ ಯೆಪ್ಪಮಾನದಲ್ಲಿ ಮತ್ತೆ ತೆಗೆದರು, ಕೆಜಿಎಫ್ ಜೊತೆಗೇ ಅದಕ್ಕೂ ಬೀಗ ಬಿತ್ತು. ಈಗ ಬೆಟ್ಟದ ಮೇಲೆ ಗಾಳಿಯಂತ್ರದ ಸಾಲು, ಕೆಳಗೆ ಜಾಲಿ ಮುಳ್ಳಿನ ನಡುವೆ ಗಣಿಯ ಗೋಡೆ. ಹೋಗುವ ಬಸ್ಸೇ ಅಪರೂಪ. ಅಲ್ಲಿಗೆ ಪರಂಪರೆಯ ನಡಿಗೆ ಯಾರೂ ಇಡುವುದಿಲ್ಲ, ಯಾಕೆಂದರೆ ಫೋಟೊಕ್ಕೆ ಕ್ಲಬ್ಬಿಲ್ಲ.


ಗೂಡಲೂರು ಚಹಾ:

ಅದಕ್ಕಿಂತ ಮೊದಲಿನದು ನಮ್ಮದು. ನೀಲಗಿರಿಯ ದೇವಾಲ, ಪಂದಲೂರು. 1879ರ ಹೊತ್ತಿಗೆ ಸರ್ಕಾರವೇ ಬ್ರೋ ಸ್ಮಿತ್ ಎಂಬ ತಜ್ಞನನ್ನು ಕರೆಸಿತು. ಅವನ ವರದಿ ನೋಡಿ ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿ ಎದ್ದವು. ಕಾಫಿ ತೋಟಗಳನ್ನು ಚಿನ್ನದ ಬೆಲೆಗೆ ಕೊಂಡರು. ಕಾಡಿನ ನಡುವೆ ಹೋಟೆಲು, ಅಂಗಡಿ, ಬಂಗಲೆ ಎಲ್ಲ ಬಂತು. ಯಂತ್ರ ಹೂಡಿ ಅರೆದು ನೋಡಿದರೆ ಖರ್ಚಿಗೆ ಸಾಲುವಷ್ಟು ಚಿನ್ನವೇ ಇಲ್ಲ. ನಾಲ್ಕೈದು ವರ್ಷದೊಳಗೆ ಎಲ್ಲ ಖಾಲಿ. ಈಗ ಚಹಾ ತೋಟದ ಅಂಚಿನಲ್ಲಿ ಸುರಂಗದ ಬಾಯಿ ಮಾತ್ರ ಉಳಿದಿದೆ, ಒಳಗೆ ಬಾವಲಿ.

ಕೆಜಿಎಫ್‌ನವರಿಗೆ ಚಿನ್ನ ಸಿಕ್ಕಿತು, ಅದಕ್ಕೇ ಕಲ್ಲಿನಲ್ಲಿ ಕಟ್ಟಿದರು. ನಮ್ಮಲ್ಲಿ ಮರ ತಗಡಿನಲ್ಲಿ ಕಟ್ಟಿ ಓಡಿದರು. ಚರ್ಚೆ ಮಾಡಲೂ ಕಟ್ಟಡ ಇಲ್ಲ.


ತಾಳವಾಡಿ ರಾಗಿ:

ಇಷ್ಟೆಲ್ಲ ಓದಿ ಒಂದು ಪ್ರಶ್ನೆ. ನಮ್ಮ ಚಿನ್ನ ಹೊತ್ತುಕೊಂಡು ಹೋದವರು ಕಟ್ಟಿದ್ದನ್ನು ನಾವು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು? ಬೀಳಲಿ ಬಿಡಿ.


ಗುಡುಪಲ್ಲಿ ರೈಲು:

ಕಟ್ಟಿದ್ದು ಅವರಲ್ಲ ಸ್ವಾಮಿ, ಕಟ್ಟಿಸಿದ್ದು ಅವರು. ಕಲ್ಲು ಒಡೆದವರು, ಗಾರೆ ಕಲಸಿದವರು, ಶಾಫ್ಟು ತೋಡಿದವರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದ ಜನ. ಅವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು, ನಮ್ಮ ಕಡೆಯ ತೆಲುಗರು ಕನ್ನಡಿಗರೂ ಇದ್ದರು. ಮೈಸೂರು ಸಂಸ್ಥಾನಕ್ಕೂ ಅದರಿಂದ ರಾಜಧನ ಬರುತ್ತಿತ್ತು, ಶಿವನಸಮುದ್ರದ ಕರೆಂಟಿಗೆ ಮೊದಲ ಗಿರಾಕಿಯೂ ಇದೇ ಗಣಿ.

ಅಲ್ಲಿನ ಜನ ಬರೀ ತಲೆ ಬಗ್ಗಿಸಿ ದುಡಿದರು ಅಂತಲೂ ತಿಳಿಯಬೇಡಿ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕು ಎಂದಾಗ ಗಣಿಗೆ ಗಣಿಯೇ ನಿಂತುಹೋಗಿತ್ತು. ಆ ಜನ ಸಭೆ ಸೇರಿದ ಮೈದಾನ ಇದೆ. ನನ್ನ ಲೆಕ್ಕದಲ್ಲಿ ಅದೂ ಪಟ್ಟಿಗೆ ಬರಬೇಕು, ಕಟ್ಟಡ ಅಲ್ಲದಿದ್ದರೂ.


ತಾಳವಾಡಿ ರಾಗಿ:

ಮೈದಾನ ಅಂದರೆ ಸರಿ. ಅದಕ್ಕೆ ಹಂಚೂ ಬೇಡ ಬಣ್ಣವೂ ಬೇಡ.


ವೇಪನಪಲ್ಲಿ ಮೇಷ್ಟ್ರು:

ಒಂದು ತಮಾಷೆ ನೋಡಿ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಕೆಜಿಎಫ್ ಹತ್ತಿರ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದ್ದಾರೆ. ಕೋಟಿಗಟ್ಟಲೆ ವರ್ಷದ ಬಂಡೆಗೆ ಬೋರ್ಡಿದೆ, ಅದನ್ನು ಕೊರೆದ ಮನುಷ್ಯರಿಗೆ ಇಲ್ಲ. ನೆಲದಲ್ಲಿ ಹಬ್ಬಿದ ಆ ಬಂಡೆಯ ಸಾಲಿಗೆ ರಾಜ್ಯದ ಗಡಿಯೂ ಗೊತ್ತಿಲ್ಲ. ಕೋಲಾರದಿಂದ ಇಳಿದು ಚಿತ್ತೂರಿನ ಚಿಗರಗುಂಟೆ, ಬಿಸಾನತ್ತಂ ಹಾಯ್ದು ನಮ್ಮ ಕೃಷ್ಣಗಿರಿ ಕಡೆಗೆ ಬರುತ್ತದೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರ, ತಾಮ್ರದ ಗಣಿಗಳ ಇಂಜಿನ್ ಮನೆಗಳು 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಕೆಜಿಎಫ್‌ಗೆ ಮೊದಲು ಬಂದ ಗೋರಾ ಮೇಸ್ತ್ರಿಗಳಲ್ಲಿ ಬಹಳ ಮಂದಿ ಅದೇ ಸೀಮೆಯವರು. ಅಲ್ಲಿ ಗೋಡೆ, ಚಿಮಣಿ ಮಾತ್ರ ಉಳಿದ ಇಂಜಿನ್ ಮನೆಯನ್ನು ಹಾಗೇ ನಿಲ್ಲಿಸಿದ್ದಾರೆ. ಮೇಲೆ ಹುಲ್ಲು ಬೆಳೆಯದಂತೆ ನೋಡಿಕೊಳ್ಳುತ್ತಾರೆ, ಬಿರುಕಿಗೆ ಸುಣ್ಣದ ಗಾರೆ ತುಂಬುತ್ತಾರೆ, ಅಷ್ಟೇ. ಹೊಸದಾಗಿ ಕಟ್ಟಲು ಹೋಗಿಲ್ಲ. ಆದ್ದರಿಂದ ಹಳೇ ವೈಂಡಿಂಗ್ ಸಾರ್ ಹೇಳುವ ಡ್ರಮ್ಮು, ಕಿಂಡಿ, ಗಾಲಿಯ ಗೆರೆಯನ್ನು ಒಂದು ಶಾಫ್ಟಿನಲ್ಲಾದರೂ ಪೂರ್ತಿ ಉಳಿಸಬೇಕು ಎನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಬಂಗಲೆ ಬಾಡಿಗೆಗೆ ಹೋಗಲಿ, ಆ ಹಣದಿಂದ ಶಾಫ್ಟಿಗೆ ಬಣ್ಣ ಬಳಿಯಲಿ.


ಕುಂಬಳೆ ಹಂಚು:

ಬಾಡಿಗೆಯ ಹಣ ಶಾಫ್ಟಿಗೆ ಬರುತ್ತದೆ ಎಂದು ನಂಬಿದಿರಾ ಮೇಷ್ಟ್ರೇ? ಅದು ಯಾವುದೋ ಖಾತೆಗೆ ಹೋಗಿ ಅಲ್ಲಿಯೇ ಬಡ್ಡಿ ತಿಂದೀತು. ಒಂದೇ ಗುತ್ತಿಗೆಯಲ್ಲಿ ಎರಡನ್ನೂ ಕಟ್ಟಿಹಾಕಿ: ಬಂಗಲೆ ಹಿಡಿದವನೇ ಪಕ್ಕದ ವೈಂಡಿಂಗ್ ಮನೆಯ ಮಾಡನ್ನೂ ನೋಡಿಕೊಳ್ಳಬೇಕು ಎಂದು.


ಲೈನ್ ಮನೆ ಮಗಳು:

ಬಂಗಲೆ ಹಿಡಿಯುವವನು ಬೆಂಗಳೂರಿನಿಂದ ಬಂದು ರೆಸಾರ್ಟ್ ಮಾಡಿದರೆ, ನಮ್ಮ ಲೈನಿನವರಿಗೆ ಮತ್ತೆ ಅದೇ ಗೇಟು, ಅದೇ ವಾಚ್‌ಮನ್ನು. ಅಪ್ಪನ ಕಾಲದಲ್ಲಿ ಕ್ಲಬ್ಬಿನ ಒಳಗೆ ಹೋಗುತ್ತಿದ್ದ ನಮ್ಮವರು ಟ್ರೇ ಹಿಡಿದವರು ಮಾತ್ರ. ಗುತ್ತಿಗೆಯಲ್ಲಿ ಅದನ್ನೂ ಬರೆಯಿರಿ: ಲೈನಿನ ಮಕ್ಕಳಿಗೆ ಅಲ್ಲಿ ಕೆಲಸ, ಶನಿವಾರ ಭಾನುವಾರ ಊರಿನವರಿಗೆ ಟಿಕೆಟ್ಟಿಲ್ಲದೆ ಒಳಗೆ ಬಿಡಬೇಕು.

ಆಸ್ಪತ್ರೆ ವಿಷಯ ಗುಡುಪಲ್ಲಿ ಅಣ್ಣ ಒ‌ಂದೇ ಮಾತಿನಲ್ಲಿ ದಾಟಿಸಿದರು. ನನ್ನ ಕೇಳಿದರೆ ಅದೇ ಮೊದಲು. ಲೈನಿನಲ್ಲಿ ಹುಟ್ಟಿದ ಮಕ್ಕಳು ಹುಟ್ಟಿದ್ದೂ, ಧೂಳು ಕುಡಿದ ಗಂಡಸರು ಕೊನೆಯುಸಿರು ಎಳೆದದ್ದೂ ಅಲ್ಲೇ. ಉದ್ದನೆ ವಾರ್ಡು, ಎತ್ತರದ ಕಿಟಕಿ. ಅದನ್ನು ನೋಡಲು ಬರುವವರಿಗೆ ತೆರೆಯುವುದಕ್ಕಿಂತ ಮತ್ತೆ ಆಸ್ಪತ್ರೆಯಾಗಿಯೇ ತೆರೆಯಲಿ. ಮೇಷ್ಟ್ರು ಹೇಳಿದ ಉಪಯೋಗ ಅದಕ್ಕಿಂತ ಏನು ಬೇಕು? ಈಗ ಎದೆ ನೋವು ಬಂದರೆ ಕೋಲಾರಕ್ಕೋ ಬೆಂಗಳೂರಿಗೋ ಓಡಬೇಕು, ನಮ್ಮ ವಿ.ಕೋಟದವರ ಪಾಡೂ ಅಷ್ಟೇ.


ಸೊಲ್ಲಾಪುರ ಚಾದರ:

ಅಕ್ಕಾರ ಮಾತಿಗೆ ನನ್ನ ಪೂರಾ ಒಪ್ಪಿಗಿ.


ಹಳೇ ವೈಂಡಿಂಗ್:

ಆಸ್ಪತ್ರೆ ಮೊದಲು, ಒಪ್ಪಿದೆ. ಆದರೆ ಆಸ್ಪತ್ರೆಯ ವಿಷಯ ತೀರ್ಮಾನವಾಗುವ ತನಕ ಗುಜರಿಯವನು ಕಾಯುವುದಿಲ್ಲ. ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಮಾತು ಮತ್ತೆ ಎದ್ದಿದೆ. ಅದಕ್ಕೆ ಲಾರಿ ಬೇಕು, ದಾರಿ ಬೇಕು. ದಾರಿಗೆ ಅಡ್ಡ ಬಂದ ಹಳೇ ಮನೆ ಒಂದು ಬೆಳಿಗ್ಗೆ ಇರುವುದಿಲ್ಲ. ಅಷ್ಟರೊಳಗೆ ಅಳತೆ, ಫೋಟೊ ಆಗಬೇಕು.

ಯಾರಾದರೂ ಹೋಗುವುದಾದರೆ ಕಟ್ಟಡದ ಮುಂಭಾಗ ಮಾತ್ರ ತೆಗೆದು ಬರಬೇಡಿ, ಅದು ಎಲ್ಲರ ಹತ್ತಿರ ಇದೆ. ಡ್ರಮ್ಮಿನ ಪಕ್ಕದ ತಯಾರಕರ ತಗಡು, ಡಯಲಿನ ಮೇಲಿನ ಲೆವೆಲ್ ಗುರುತು, ಗೋಡೆಗೆ ಬರೆದ ಸೂಚನೆಗಳು, ನೆಲದಲ್ಲಿ ಬೋಲ್ಟು ಕೂತ ಜಾಗ, ಇವು ಬೇಕು. ಅಳತೆ ಪಟ್ಟಿ ಇಟ್ಟು ತೆಗೆಯಿರಿ. ಕಂಪನಿ ಜಾಗ, ಮೊದಲು ಲಿಖಿತ ಅನುಮತಿ ಮಾಡಿಕೊಳ್ಳಿ. ಶಾಫ್ಟಿನ ಬಾಯಿಯ ಹತ್ತಿರ ಹೋಗಬೇಡಿ. ಮೇಲೆ ಹಾಕಿದ ಮುಚ್ಚಳ ಎಷ್ಟು ಹಳೆಯದು, ಅಡಿಯಲ್ಲಿ ನೆಲ ಎಷ್ಟು ಟೊಳ್ಳು ಅಂತ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ.


ಗುಡುಪಲ್ಲಿ ರೈಲು:

ಅನುಮತಿಯ ಅರ್ಜಿ ನಾನು ಬರೆಯುತ್ತೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕೇಳುವುದು ಮೂರಕ್ಕೆ: ಒಂದು ವೈಂಡಿಂಗ್ ಮನೆ ಹೆಡ್‌ಗೇರು ಸಮೇತ, ಆಸ್ಪತ್ರೆ, ಜನರಿಲ್ಲದ ಒಂದು ಲೈನಿನ ಸಾಲು. ಕುಂಬಳೆಯವರೇ, ಮಾಡು ನೋಡಿ ಹೇಳಲು ನೀವು ಬರುವಿರಾ? ಬಿಸಾನತ್ತಂ ದಾರಿಯಲ್ಲಿ ಬಂದರೆ ಊಟ ನಮ್ಮ ಮನೆಯಲ್ಲಿ.


ಕುಂಬಳೆ ಹಂಚು:

ಬರುತ್ತೇನೆ, ಮೇ ತಿಂಗಳೊಳಗೆ ಇಟ್ಟುಕೊಳ್ಳಿ. ಜೂನ್ ಹಿಡಿದರೆ ಇಲ್ಲಿ ನನ್ನ ಗಿರಾಕಿಗಳ ಮಾಡು ಸೋರುತ್ತದೆ, ಬಿಟ್ಟು ಬರಲು ಆಗುವುದಿಲ್ಲ. ಏಣಿ ಅಲ್ಲಿಯದ್ದೇ ಇರಲಿ.